ಹೊಳ್ಳೆಯಂಚಿನ ಗಾಳಿ

ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಳ್ಳದಂತೆ ಹಿಡಿದಿಡಲು 16 ಸೆಂಟಿಮೀಟರ್ ನೀರಿನಷ್ಟು ಒತ್ತಡ ಬೇಕು. ಸ್ಲೀಪ್ ಅಪ್ನಿಯಾ ಇರುವವರಿಗೆ ಈ ಅಳತೆ ಹೊಸದೇನಲ್ಲ. ಕಣ್ಣು ಹತ್ತುತ್ತಿದ್ದಂತೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ದಾರಿ ಕುಸಿಯುತ್ತದೆ, ಉಸಿರು ಕಟ್ಟುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ. ಹೀಗೆ ರಾತ್ರಿಯಿಡೀ. ಸಿಪ್ಯಾಪ್ ಯಂತ್ರ ಮೂಗಿನಿಂದ ಗಾಳಿ ತಳ್ಳಿ ಆ ದಾರಿಯನ್ನು ತೆರೆದಿಡುತ್ತದೆ. ಮನೆಯಲ್ಲಿ ಬಳಸುವ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಒತ್ತಡ ಕೊಡುತ್ತವೆ. 16 ಎಂದರೆ ಜೋರಿನ ಗಾಳಿಯೇ.

‘ಇಷ್ಟು ಪ್ರೆಷರ್‌ಗೆ ಪಿಲ್ಲೊ ಮಾಸ್ಕ್ ನಿಲ್ಲಲ್ಲ ಸಾರ್, ಬಾಯಿ ಮೂಗು ಎರಡೂ ಮುಚ್ಚೋದನ್ನೇ ತಗೊಳ್ಳಿ’ ಎಂದಿದ್ದ ಅಂಗಡಿಯ ಹುಡುಗ. ಈ ಮಾತು ಎಲ್ಲೆಲ್ಲೂ ಕೇಳಿಬರುತ್ತದೆ. ಪಿಲ್ಲೊ ಮಾಸ್ಕ್ ಎಂದರೆ ಎರಡು ಹೊಳ್ಳೆಗಳ ಬಾಯಿಗೆ ಆನಿಕೊಂಡು ಕೂರುವ ಎರಡು ಪುಟ್ಟ ಸಿಲಿಕೋನ್ ಮೊಗ್ಗುಗಳು, ತಲೆಯ ಹಿಂದಕ್ಕೆ ಹೋಗುವ ಒಂದು ತೆಳು ಪಟ್ಟಿ. ಕಣ್ಣಿಗೆ ಕಂಡರೆ ಯಾರಿಗೂ ನಂಬಿಕೆ ಬರುವುದಿಲ್ಲ, ನಿಜ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 16 ಸೆಂಟಿಮೀಟರ್ ನೀರಿನ ಒತ್ತಡವೆಂದರೆ ಒಂದು ಚದರ ಸೆಂಟಿಮೀಟರಿಗೆ 16 ಗ್ರಾಂ ಭಾರ. ದೊಡ್ಡ ಮಾಸ್ಕ್ 60 ಚದರ ಸೆಂಟಿಮೀಟರ್ ಜಾಗ ಮುಚ್ಚಿತು ಎಂದಿಟ್ಟುಕೊಳ್ಳಿ. ಅದನ್ನು ಮುಖದಿಂದ ಆಚೆ ದೂಡುವ ಬಲ ಒಂದು ಕಿಲೋದ ಹತ್ತಿರ. ಎರಡೂ ಹೊಳ್ಳೆ ಸೇರಿ ನಾಲ್ಕು ಚದರ ಸೆಂಟಿಮೀಟರ್ ಎಂದರೆ 64 ಗ್ರಾಂ ಮಾತ್ರ. ತೆಳು ಪಟ್ಟಿಗೆ ಅದೇನೂ ಹೊರೆಯಲ್ಲ.

ಹಾಗಾದರೆ ಸೋರುವುದೇಕೆ? ಮೂಗಿಗೂ ಸಿಲಿಕೋನಿಗೂ ತಾಗುವ ಅಂಚು ತೀರ ಕಿರಿದು. ಮೊಗ್ಗು ಒಂದು ಚೂರು ಓರೆಯಾದರೂ ಸಾಕು, ಗಾಳಿ ಸಂದು ಹುಡುಕಿಕೊಳ್ಳುತ್ತದೆ. ಆಗ ಎಲ್ಲರ ಕೈಯೂ ಪಟ್ಟಿಗೇ ಹೋಗುತ್ತದೆ, ಇನ್ನಷ್ಟು ಬಿಗಿಯಲು. ಅಲ್ಲೇ ಕೆಲಸ ಕೆಡುವುದು. ಕುಕ್ಕರಿನ ಗ್ಯಾಸ್ಕೆಟ್ಟನ್ನು ಒಳಗಿನ ಹಬೆಯೇ ಒತ್ತಿ ಭದ್ರಮಾಡುವಂತೆ, ಈ ಮೊಗ್ಗಿನ ತೆಳು ಗೋಡೆಯನ್ನೂ ಒಳಗಿನ ಗಾಳಿಯೇ ಉಬ್ಬಿಸಿ ಹೊಳ್ಳೆಗೆ ಅಂಟಿಸಬೇಕು. ಪಟ್ಟಿ ಎಳೆದು ಕಟ್ಟಿದರೆ ಗೋಡೆ ಮಡಿಚಿಕೊಳ್ಳುತ್ತದೆ. ಉಬ್ಬಲು ಜಾಗವೇ ಇಲ್ಲದೆ ಮಡಿಕೆಯಿಂದ ಗಾಳಿ ಸಿಳ್ಳೆ ಹಾಕುತ್ತದೆ, ಬೆಳಿಗ್ಗೆ ಹೊಳ್ಳೆಯಂಚು ಕೆಂಪಾಗಿ ಉರಿಯುತ್ತದೆ.

ನಾನು ಮಾಸ್ಕ್ ಕೂರಿಸುವುದು ಮಲಗಿದ ಮೇಲೆಯೇ. ಕೂತಾಗ ಇರುವ ಮುಖ ಮಲಗಿದಾಗ ಇರುವುದಿಲ್ಲ. ಕೆನ್ನೆ ಜಾರುತ್ತದೆ, ಪಟ್ಟಿಯ ಎಳೆತ ಬದಲಾಗುತ್ತದೆ. ಯಂತ್ರ ಮೊದಮೊದಲು 4ರಲ್ಲಿ ಮೆಲ್ಲಗೆ ಊದುತ್ತದೆ. ಆಗ ಸೋರದಿದ್ದರೆ 16ರಲ್ಲೂ ಸೋರುವುದಿಲ್ಲ ಎಂದಲ್ಲ. ಆದ್ದರಿಂದ ಪೂರಾ ಒತ್ತಡಕ್ಕೆ ಏರಿಸಿ ನೋಡುತ್ತೇನೆ. ಮಾಸ್ಕನ್ನು ಮೂಗಿನಿಂದ ಒಂದಿಷ್ಟು ಮುಂದಕ್ಕೆಳೆದು ಹಿಡಿದರೆ ಮೊಗ್ಗುಗಳು ತುಂಬಿಕೊಳ್ಳುತ್ತವೆ. ಹಾಗೇ ಮೆಲ್ಲಗೆ ಹಿಂದಕ್ಕೆ ಬಿಟ್ಟು, ಬೆರಳಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಸು ತಿರುಗಿಸುತ್ತೇನೆ. ಆಮೇಲೆ ಅಂಗೈಯ ಹಿಂಬದಿಯನ್ನು ಮುಖದ ಮುಂದೆ ಹಿಡಿದು ಪರೀಕ್ಷೆ. ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಬರುವ ಗಾಳಿ ಬರಲೇಬೇಕು. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿ ಅದು, ಅದನ್ನು ಮುಚ್ಚಬಾರದು. ಕಣ್ಣಿಗೋ ಮೇಲ್ದುಟಿಗೋ ತಣ್ಣಗೆ ತಾಗಿದರೆ ಮಾತ್ರ ಸೋರಿಕೆ.

ಅಳತೆಯ ವಿಚಾರದಲ್ಲಿ ಸಂಕೋಚ ಬೇಡ. ಮೂಗು ಚಿಕ್ಕದೆಂದು ಚಿಕ್ಕ ಮೊಗ್ಗನ್ನೇ ಹಾಕಿದರೆ ಅದು ಹೊಳ್ಳೆಯೊಳಗೆ ಹೊಕ್ಕು, ಗಾಳಿ ಜೋರಾದಾಗ ಹೊರಕ್ಕೆ ಜಾರುತ್ತದೆ. ಹೊಳ್ಳೆಯ ಬಾಯಿ ತುಂಬುವಂಥದ್ದು ಬೇಕು. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವ ಅಭ್ಯಾಸವಿದ್ದರೆ ಅದನ್ನು ಬೆಳಗಿನ ಸ್ನಾನದ ಹೊತ್ತಿಗೆ ಇಟ್ಟುಕೊಳ್ಳಿ. ಪಟ್ಟಿ ಜಾರುತ್ತದೆ, ಜಿಡ್ಡಿಗೆ ಸಿಲಿಕೋನ್ ಬೇಗ ಹಾಳಾಗುತ್ತದೆ. ಮುಖ ತೊಳೆಯುವುದು, ಮೊಗ್ಗನ್ನು ದಿನವೂ ಸೌಮ್ಯ ಸೋಪಿನ ನೀರಲ್ಲಿ ತೊಳೆಯುವುದು, ಮೆತ್ತಗಾದ ಮೇಲೆ ಬದಲಿಸುವುದು ಇವೆಲ್ಲ ತಾನಾಗಿ ರೂಢಿಯಾಗುತ್ತವೆ. ಪೈಪನ್ನು ತಲೆದಿಂಬಿನ ಮೇಲ್ಗಡೆಯಿಂದ ಇಳಿಬಿಟ್ಟರೆ ಮಗ್ಗುಲು ಬದಲಿಸುವಾಗ ಮಾಸ್ಕನ್ನು ಎಳೆಯುವುದಿಲ್ಲ.

ಬಾಯಿಯದೇ ದೊಡ್ಡ ಸಮಸ್ಯೆ. ಮೂಗಿನಂಚು ಎಷ್ಟೇ ಭದ್ರವಾಗಿರಲಿ, ದವಡೆ ಸಡಿಲವಾದರೆ ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಬಿದ್ದು ಗಂಟಲಿಗೆ ಒತ್ತಡವೇ ಸಿಗುವುದಿಲ್ಲ. ‘ರಾತ್ರಿ ಬಾಯಿಂದ ಪುಸಪುಸ ಅಂತ ಗಾಳಿ ಬರ್ತಿತ್ತು ರೀ’ ಎಂದು ಹೆಂಡತಿ ಹೇಳಿದ ದಿನಗಳಲ್ಲೆಲ್ಲ ನನ್ನ ಮೂಗು ಕಟ್ಟಿರುತ್ತಿತ್ತು. ಮೊದಲು ಮೂಗಿಗೇ ಚಿಕಿತ್ಸೆಯಾಗಬೇಕು: ಉಪ್ಪುನೀರಿನ ಸ್ಪ್ರೇ, ಯಂತ್ರದ ತೇವ ಹೆಚ್ಚಿಸುವುದು, ಅಲರ್ಜಿಗೆ ವೈದ್ಯರ ಸಲಹೆ. ಆಮೇಲೆ ಗಲ್ಲದ ಪಟ್ಟಿ. ಅದೂ ಆಗದಿದ್ದರೆ ದೊಡ್ಡ ಮಾಸ್ಕೇ ಸರಿ, ಅದರಲ್ಲಿ ಸೋಲೇನಿಲ್ಲ.

ಇಷ್ಟಕ್ಕೂ ಸಿಪ್ಯಾಪ್ ಚಿಕಿತ್ಸೆ ಹುಟ್ಟಿದ್ದೇ ಹೊಳ್ಳೆಯಂಚಿನಲ್ಲಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಜೊತೆಗಾರರು ಐವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ, ಹೊಳ್ಳೆಗಳಿಗೆ ಮೆದು ಕೊಳವೆ ಕೂರಿಸಿ ಬೇಗ ಗಟ್ಟಿಯಾಗುವ ಸಿಲಿಕೋನಿನಿಂದ ಸಂದು ಮುಚ್ಚಿದ್ದರು. ಅವತ್ತು ಹಾಗೆ ಒಬ್ಬೊಬ್ಬರ ಮೂಗಿಗೂ ತಕ್ಕಂತೆ ಕೂರಿಸಿದ್ದನ್ನು ನಮ್ಮ ಅಂಗಡಿಗಳು ನೆನೆಯಬೇಕು. ಇಲ್ಲಿ ಕುರ್ಚಿಯಲ್ಲಿ ಕೂರಿಸಿ, ಯಂತ್ರವನ್ನೇ ಹಚ್ಚದೆ, ಮಾಸ್ಕ್ ಮುಖಕ್ಕಿಟ್ಟು ‘ಸರಿಯಿದೆ’ ಎನ್ನುತ್ತಾರೆ. ಒಮ್ಮೆ ತೆಗೆದುಕೊಂಡರೆ ವಾಪಸ್ಸಿಲ್ಲ. ಸಾವಿರಾರು ರೂಪಾಯಿ ಕೊಟ್ಟವರು ಸೋರಿಕೆಗೆ ಬೇಸತ್ತು ಯಂತ್ರವನ್ನು ಅಟ್ಟಕ್ಕೇರಿಸಿ ಮತ್ತೆ ಉಸಿರುಕಟ್ಟಿ ಮಲಗುತ್ತಾರೆ. ಅಂಗಡಿಯಲ್ಲಿ ಒಂದು ಮಂಚ ಹಾಕಿಸಿ, ವೈದ್ಯರು ಬರೆದ ಒತ್ತಡಕ್ಕೇ ಗಾಳಿ ಬಿಟ್ಟು, ಎಲ್ಲ ಅಳತೆಯ ಮೊಗ್ಗುಗಳನ್ನು ಅರ್ಧ ಗಂಟೆ ಹಾಕಿ ನೋಡಲು ಬಿಡಿ. ಕೇಳುತ್ತಿರುವುದು ಇಷ್ಟೇ.