ಜಾಲತಾಣ ನಿರ್ಮಾಣವೆಂಬ ಜೀವನೋಪಾಯ

ಪಾವಗಡ ಸೀಮೆಯಲ್ಲಿ ಒಬ್ಬ ರೈತನಿದ್ದಾನೆ. ಆತನ ಹಿರಿಯರು ಕಡಲೆಕಾಯಿ ಬೆಳೆದು, ಮಳೆ ಬಂದ ವರ್ಷ ಉಂಡು, ಬಾರದ ವರ್ಷ ಸಾಲಮಾಡಿ ಬಾಳಿದವರು. 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವು ಆ ನಾಡಿನಲ್ಲಿ ತಲೆಯೆತ್ತಿದಾಗ ಆತನೂ ನೆರೆಯವರಂತೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಹೊಲವನ್ನು ಒಪ್ಪಿಸಿದನು. ಹಣವೇನೋ ಬರುತ್ತಿದೆ, ಆದರೆ ಮಗನಿಗೆ ಉಳಲು ಹೊಲವಿಲ್ಲ. ಪದವಿ ಮುಗಿಸಿದ ಆ ತರುಣನು ಜಾಲತಾಣ ನಿರ್ಮಾಣವನ್ನು ವೃತ್ತಿಯಾಗಿ ಹಿಡಿಯುವೆನೆನ್ನುತ್ತಾನೆ. “ಅದು ಅನ್ನ ಹಾಕೀತೇನಪ್ಪಾ?” ಎಂಬುದು ತಂದೆಯ ಪ್ರಶ್ನೆ.

ಪ್ರಶ್ನೆಯು ಯುಕ್ತವಾದುದೇ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲೇಯನು ಕಲ್ಪಿಸಿದ ಈ ವಿದ್ಯೆಯನ್ನು ಜಿನೀವಾ ಬಳಿಯ ಸರ್ನ್ ಸಂಸ್ಥೆಯು 1993ರಲ್ಲಿ ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಎಚ್‌ಟಿಎಂಎಲ್ ಪುಟಕ್ಕೆ ಅಸ್ಥಿ, ಸಿಎಸ್‌ಎಸ್ ಅಲಂಕಾರ, ಜಾವಾಸ್ಕ್ರಿಪ್ಟ್ ಚಲನೆ. ಇವುಗಳನ್ನು ಮನೆಯಲ್ಲಿ ಕುಳಿತೇ ಕಲಿಯಬಹುದು. ಆದರೆ ತನಗೆ ಸುಲಭವಾದುದು ಇತರರಿಗೂ ಸುಲಭವೇ ಅಲ್ಲವೆ? ಸಿದ್ಧವಾದ ಮಾದರಿಗಳಿಂದ ಅಂಗಡಿಯವನೇ ತನ್ನ ಪುಟವನ್ನು ಮಾಡಿಕೊಳ್ಳಬಲ್ಲನು. 2022ರಿಂದೀಚೆಗೆ ಜನಸಾಮಾನ್ಯರ ಕೈಗೆ ಬಂದ ಕೃತಕ ಬುದ್ಧಿಮತ್ತೆಯ ಸಾಧನಗಳು ಆ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತವೆ. ಪುಟ ಬರೆಯುವುದೊಂದನ್ನೇ ಬಲ್ಲವನಿಗೆ ಹೆಚ್ಚಿನ ಬೆಲೆಯಿರದು.

ಹಾಗಾದರೆ ಉಳಿಯುವುದೇನು? ತರುಣನು ಅಭ್ಯಾಸಕ್ಕಾಗಿ ವೃದ್ಧಾಪ್ಯವೇತನದ ಅರ್ಜಿಯಂತಹ ಒಂದು ಪುಟವನ್ನು ರಚಿಸಿ, ಹೆಸರಿಗೆ ಹತ್ತು ಅಕ್ಷರಗಳ ಮಿತಿಯನ್ನಿಟ್ಟನು. ‘ಲಕ್ಷ್ಮೀದೇವಮ್ಮ’ ಎಂಬುದು ಕಣ್ಣಿಗೆ ಐದೇ ಅಕ್ಷರ. ಆದರೆ ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ವ್ಯಂಜನ, ವಿರಾಮಚಿಹ್ನೆ, ಸ್ವರಚಿಹ್ನೆಗಳಿಗೆ ಬೇರೆಬೇರೆ ಎಣಿಕೆ. ಯಂತ್ರದ ಲೆಕ್ಕದಲ್ಲಿ ಆ ಹೆಸರು ಹದಿಮೂರು. ಪುಟವು ಹತ್ತಕ್ಕೆ ಕತ್ತರಿಸಲು ‘ಲಕ್ಷ್ಮೀದೇವ’ ಎಂದು ಉಳಿಯಿತು. ಪಕ್ಕದಲ್ಲಿದ್ದ ಅಜ್ಜಿಯು, “ಹೆಂಗಸನ್ನು ಗಂಡಸು ಮಾಡಿದೆಯಲ್ಲೋ!” ಎಂದು ನಕ್ಕಳು. ತರುಣನು ನಗಲಿಲ್ಲ. ಹೆಸರು ತಪ್ಪಿತೆಂದು ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕರನ್ನು ಅವನು ಕಂಡಿದ್ದನು.

ನಿಡುಗಲ್ಲಿನ ಶಾಸನಗಳನ್ನು ಕಂಡರಿಸಿದವರಿಗೆ ಉಳಿಯ ಹಿಡಿತವಷ್ಟೇ ಸಾಲದಾಗಿತ್ತು, ಅಕ್ಷರಜ್ಞಾನವೂ ಬೇಕಾಗಿತ್ತು. ಬಿ. ಎಲ್. ರೈಸರು 1904ರಲ್ಲಿ ಅವುಗಳನ್ನು ಸಂಗ್ರಹಿಸಿ ಪ್ರಕಟಿಸಲು ಸಾಧ್ಯವಾದುದು ಆ ಕೈಗಳ ಎಚ್ಚರದಿಂದ. ಈ ಹೊಸ ವೃತ್ತಿಯಲ್ಲಿಯೂ ಉಪಕರಣಗಳು ಬದಲಾಗುತ್ತಲೇ ಇರುವುವು. ತನ್ನ ಜನರ ಭಾಷೆಯನ್ನೂ ಅಗತ್ಯವನ್ನೂ ಅರಿತು, ಯಂತ್ರದ ತಪ್ಪನ್ನು ಹಿಡಿಯಬಲ್ಲವನಿಗೆ ಮಧುಗಿರಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕೆಲಸವು ತಪ್ಪದು.

ಅಂದು ರಾತ್ರಿ ತಂದೆಯು ಮತ್ತೆ ಅದೇ ಪ್ರಶ್ನೆಯನ್ನು ಕೇಳಲಿಲ್ಲ. “ಆ ಹೆಸರನ್ನು ಸರಿಮಾಡಿದೆಯೋ?” ಎಂದಷ್ಟೇ ಕೇಳಿದನು.