ತುತ್ತು ಹಾಕಿದ ಕೈ

ಸೋದರಿಯರೇ, ಹೊತ್ತುಹೊತ್ತಿಗೆ ಊಟ ಹಾಕುವ ಕೆಲಸಕ್ಕೆ ಅಂಕ ಕೊಡುವ ಲೋಕವೊಂದಿದೆ ಎಂದರೆ ನಂಬುತ್ತೀರಾ? ಇದೆ. ಆದರೆ ಅದು ಕಂಪ್ಯೂಟರಿನ ಒಳಗಿದೆ, ಅಷ್ಟೇ!

ನನ್ನ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕೆಲಸದಲ್ಲಿದ್ದಾಳೆ. ಸಾವಿರಾರು ಮಂದಿ ತಮ್ಮ ತಮ್ಮ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನ ಮೂಲಕ ಒಟ್ಟಿಗೆ ಆಡುವ ಆಟಗಳಿವು. ನಾಟಕದಲ್ಲಿ ಪಾತ್ರ ಹಂಚಿಕೊಂಡ ಹಾಗೆ ಒಬ್ಬ ಯೋಧನಾಗುತ್ತಾನೆ, ಇನ್ನೊಬ್ಬ ಮಂತ್ರವಾದಿ, ಮತ್ತೊಬ್ಬಳು ವೈದ್ಯೆ. ಕಾಡುಪ್ರಾಣಿಯನ್ನು ಪಳಗಿಸಿ ಸಂಗಡ ಕರೆದೊಯ್ಯುವ ಹೊಸ ಪಾತ್ರವೊಂದಕ್ಕೆ ಕಟ್ಟಳೆ ಬರೆಯುವ ಕೆಲಸ ಇವಳ ಪಾಲಿಗೆ ಬಂತು.

"ಅಮ್ಮಾ, ಪಳಗಿದ ಮೇಲೂ ಅದಕ್ಕೆ ದಿನಾ ಮೇವು ಹಾಕೋ ಕೆಲಸ ಇರಬೇಕಾ, ಬೇಡ್ವಾ? ಆಡೋರಿಗೆ ಬೇಜಾರಾಗತ್ತೆ ಅಂತಾರೆ ಆಫೀಸಲ್ಲಿ" ಎಂದು ಫೋನಿನಲ್ಲಿ ಕೇಳಿದಳು.

"ದಿನಾ ಬೇಯಿಸಿ ಹಾಕೋದು ನಮಗೆ ಬೇಜಾರಾಗಲ್ವೇನೇ?" ಎಂದು ನಕ್ಕೆ. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು.

ಇಂಥ ಆಟಗಳ ಹಿಂದಿನ ಕಥೆಯನ್ನು ಅವಳೇ ಹೇಳಿದಳು. 1997ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಆಟದಲ್ಲಿ ಕುದುರೆಯಿಂದ ಹಿಡಿದು ಬೆಂಕಿಯುಗುಳುವ ಡ್ರ್ಯಾಗನ್‌ವರೆಗೂ ಪಳಗಿಸಬಹುದಿತ್ತು. ಮೇವು ತಪ್ಪಿಸುತ್ತ ಹೋದರೆ ಅದು ಮತ್ತೆ ಕಾಡುಪ್ರಾಣಿಯೇ! 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಬೇಟೆಗಾರರು ಹತ್ತನೆಯ ಮೆಟ್ಟಿಲು ಏರಿದ ಮೇಲೆ ಪಳಗಿಸುವ ವಿದ್ಯೆ ಕಲಿಯುತ್ತಿದ್ದರು. ಪ್ರಾಣಿ ಮೇಲೆ ಬಿದ್ದರೂ 20 ಸೆಕೆಂಡು ತಾಳಿಕೊಂಡು ನಿಲ್ಲಬೇಕು. ಆಮೇಲೆ ಅದರದರ ರುಚಿ ಅರಿತು ಹಾಕಬೇಕು. ಬೆಕ್ಕಿನ ಜಾತಿಗೆ ಮಾಂಸ, ಮೀನು; ಕರಡಿಗೆ ಏನಾದರೂ ಆದೀತು. ಸಾಧಾರಣವಾಗಿದ್ದಾಗ ಅದರ ಪೆಟ್ಟಿನ ಬಲ 100 ಎಂದಿಟ್ಟುಕೊಳ್ಳಿ. ತಿಂದು ಸಂತೋಷವಾಗಿದ್ದರೆ 125, ಮುನಿಸಿಕೊಂಡರೆ 75. ತೀರಾ ಅಲಕ್ಷ್ಯ ಮಾಡಿದರೆ ಬಿಟ್ಟೇ ಹೋಗುತ್ತಿತ್ತು.

ನೋಡಿದಿರಾ? ನಮ್ಮ ಮನೆಗಳಲ್ಲಿ ಯಾರೂ ಲೆಕ್ಕ ಇಡದ ಕೆಲಸವನ್ನು ಅಲ್ಲಿ ಅಂಕಿಯಲ್ಲಿ ಬರೆದಿಟ್ಟಿದ್ದರು!

ಆದರೆ ಆಡುವವರಲ್ಲಿ ಹಲವರಿಗೆ ಇದು ಕಿರಿಕಿರಿ. 2008ರಿಂದ 2011ರೊಳಗೆ ಆ ಕಟ್ಟಳೆಗಳನ್ನು ಒಂದೊಂದಾಗಿ ತೆಗೆದರು. 2019ರಲ್ಲಿ ಹಳೆಯ ಆಟವನ್ನೇ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮತ್ತೆ ತಂದಾಗ ಮೇವು, ಮುನಿಸು ಎಲ್ಲ ಮರಳಿ ಬಂದವು.

ನನಗೆ ನಮ್ಮತ್ತೆಯವರ ನೆನಪಾಯಿತು. ಸಂತೆಯಿಂದ ಹೊಸ ಹಸು ಬಂದರೆ ತಾವೇ ಹಿಂಡಿ ಕಲಸಿಟ್ಟು, ಕೊರಳು ತುರಿಸುತ್ತ ನಿಲ್ಲುತ್ತಿದ್ದರು. ಕೆಲವೇ ದಿನಗಳಲ್ಲಿ ಅವರ ದನಿ ಕೇಳಿದರೆ ಸಾಕು, ಕಿವಿ ನಿಮಿರಿಸುತ್ತಿತ್ತು. ಕರೆಯಲು ನಾನು ಕೂತರೆ ಒದೆತ! ಅದನ್ನು ಪಳಗಿಸಿದ್ದು ಹಗ್ಗವಲ್ಲ, ದಿನವೂ ತುತ್ತು ಹಾಕಿದ ಕೈ.

ಮಗಳಿಗೆ ಹೇಳಿದೆ: "ಬಿಟ್ಟು ಹೋಗೋಕೆ ದಾರಿ ಇರಲಿ ಕಣೇ. ಹೋಗಬಹುದಾಗಿದ್ದೂ ಉಳಿದರೆ ತಾನೇ ಅದು ನಮ್ಮದು? ಇಲ್ಲದಿದ್ದರೆ ಕತ್ತಿ, ಬಿಲ್ಲಿನ ಹಾಗೆ ಅದೂ ಒಂದು ಸಾಮಾನು. ಆದರೆ ಉಣಿಸೋ ಕೆಲಸ ಒಬ್ಬರ ತಲೆಗೇ ಕಟ್ಟಬೇಡ. ಜೊತೆಗಾರರು ಹಾಕಿದರೂ ತಿನ್ನಲಿ."

ಅವಳು ಹಾಗೆಯೇ ಬರೆದಿದ್ದಾಳೆ. ಆಡಲು ಕೂತಾಗ ಒಂದು ಸಲ ಉಣಿಸಿದರೆ ಸಾಕು. ಜೊತೆಗಿರುವ ಯೋಧನೂ ಉಣಿಸಬಹುದು. ಯಾರೂ ಕೇಳದಿದ್ದರೆ ಪ್ರಾಣಿ ಮೊದಲು ಕರೆದಾಗ ತಡಮಾಡುತ್ತದೆ, ಆಮೇಲೆ ದೂರ ಕೂರುತ್ತದೆ, ಕೊನೆಗೆ ಕಾಡಿಗೆ ನಡೆಯುತ್ತದೆ. ಆಫೀಸಿನ ಹಿರಿಯರು ಒಪ್ಪುತ್ತಾರೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ. "ಒಪ್ಪದಿದ್ದರೂ ಒಂದ್ಸಲ ವಾದ ಮಾಡೇ ಮಾಡ್ತೀನಮ್ಮ" ಎನ್ನುತ್ತಾಳೆ.

ನಿಮ್ಮ ಮಕ್ಕಳೂ ಇಂಥ ಆಟಕ್ಕೆ ಅಂಟಿಕೊಂಡು ಕೂತಿದ್ದರೆ, ಬೈಯುವ ಮುಂಚೆ ಒಂದು ಮಾತು ಕೇಳಿ: "ನಿನ್ನ ಪ್ರಾಣಿಗೆ ಊಟ ಹಾಕಿದೆಯಾ?" ಹೌದು ಎಂದರೆ ಸಂತೋಷ. ಹಾಗೆಯೇ ಎದ್ದು ಬಂದು ಎಲ್ಲರಿಗೂ ತಟ್ಟೆ ಇಡಲು ಧಾರಾಳವಾಗಿ ಹೇಳಿ!