ಮೂಗಿನಿಂದ ಮಿದುಳಿನ ರಕ್ತನಾಳಕ್ಕೆ

2021ರ ಮೇ ತಿಂಗಳಿಗೆ ಬನ್ನಿ. ಲಾಕ್‌ಡೌನ್. ವೈಟ್‌ಫೀಲ್ಡ್ ರಸ್ತೆಯಲ್ಲಿ ಅರ್ಧ ಎದ್ದ ಮೆಟ್ರೊ ಕಂಬಗಳ ಪಕ್ಕ ಓಡುತ್ತಿರುವುದು ಹೆಚ್ಚಾಗಿ ಆಂಬುಲೆನ್ಸ್‌ಗಳೇ. ಇಲ್ಲಿನ ಆಸ್ಪತ್ರೆಯೊಂದರ ಎಂಆರ್‌ಐ ಕೋಣೆಯ ಗಾಜಿನ ಈಚೆ, ಟೆಕ್ನಿಷಿಯನ್ ಬೆನ್ನ ಹಿಂದೆ ನಿಂತಿದ್ದೀರಿ. ಒಳಗೆ ಮಲಗಿರುವವರು ಪೀಣ್ಯದ ಲೇತ್ ಕೆಲಸಗಾರ. ಹಳೆಯ ಶುಗರ್, ಈಚೆಗೆ ಕೋವಿಡ್, ಅದಕ್ಕೆ ಸ್ಟೆರಾಯ್ಡ್. ಮೊದಲು ಎಡಗೆನ್ನೆ ಜೋಮು ಹಿಡಿಯಿತು, ನಿನ್ನೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು, ಇವತ್ತು ಸಂಜೆ ಬಲಗೈಯಿಂದ ಕಾಫಿ ಲೋಟ ಜಾರಿತು.

“ಅಲುಗಾಡಬೇಡಿ ಯಜಮಾನ್ರೇ, ಇನ್ನೈದು ನಿಮಿಷ.”

ಟಕಟಕ ಸದ್ದು. ಪರದೆಯ ಮೇಲೆ ಮಿದುಳಿನ ಎಡಭಾಗದಲ್ಲಿ ಬೆಳ್ಳನೆಯ ಕಲೆಗಳು: ರಕ್ತ ಸಿಗದೆ ಸಾಯುತ್ತಿರುವ ಜಾಗ. ಸ್ಟ್ರೋಕ್ ಆಗಿದೆ, ಸರಿ. ಯಾಕಾಯಿತು?

ಈಗ ನಾಳಗಳ ಸರದಿ. ಎಂಆರ್ ಆಂಜಿಯೋದ ಈ ವಿಧಾನಕ್ಕೆ ಔಷಧ ಚುಚ್ಚಬೇಕಿಲ್ಲ. ಹರಿಯುವ ರಕ್ತವೇ ಬೆಳ್ಳಗೆ ಹೊಳೆಯುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಬಲಗಡೆ ದಪ್ಪಗೆ ಬಳುಕಿ ಮೇಲೇರಿದೆ. ಎಡಗಡೆಯದನ್ನು ನೋಡಿ: ಕುತ್ತಿಗೆಯಲ್ಲಿ ಚೆನ್ನಾಗಿಯೇ ಇದೆ, ಕಣ್ಣಿನ ಹಿಂದೆ ಬರುತ್ತಿದ್ದಂತೆ ನೂಲಿನಷ್ಟಾಗಿದೆ. ಅದೇ ಜಾಗದ ಪಕ್ಕದಲ್ಲಿ, ತೆಳುವಾದ ಮೂಳೆಯಾಚೆ, ಮೂಗಿನ ಹಿಂದಿನ ಗಾಳಿಗೂಡು ಸ್ಪೀನಾಯ್ಡ್ ಸೈನಸ್ ಇದೆ.

ಕೊನೆಗೆ ಗ್ಯಾಡೊಲಿನಿಯಂ ಎಂಬ ಔಷಧ ಚುಚ್ಚಿ ನಾಳದ ಗೋಡೆಯನ್ನೇ ನೋಡುತ್ತಾರೆ. ಗೋಡೆ ಊದಿ, ಸುತ್ತಲೂ ಹೊಳೆಯುತ್ತಿದೆ. ಮೂಗಿನೊಳಗೆ ಮಾತ್ರ, ಹೊಳೆಯಬೇಕಾದ ಪೊರೆ ಕಪ್ಪಾಗಿಯೇ ಉಳಿದಿದೆ. ಅಲ್ಲಿ ಅಂಗಾಂಶ ಸತ್ತಿದೆ. ರೇಡಿಯಾಲಜಿಸ್ಟ್ ಫೋನ್ ಎತ್ತುತ್ತಾರೆ: “ಸಾರ್, ಬ್ಲ್ಯಾಕ್ ಫಂಗಸ್ ಇರಬೇಕು. ಇಎನ್‌ಟಿಯವರನ್ನ ಈಗಲೇ ಕರೀರಿ.”

ಬ್ಲ್ಯಾಕ್ ಫಂಗಸ್‌ಗೆ ಕಾರಣವಾದ ಮ್ಯೂಕರ್ ಶಿಲೀಂಧ್ರದ ಎಳೆಗಳು ರಕ್ತನಾಳದ ಗೋಡೆ ಹೊಕ್ಕು, ಒಳಗೆ ರಕ್ತ ಹೆಪ್ಪುಗಟ್ಟಿಸುತ್ತವೆ. ಸ್ಟ್ರೋಕಿನ ಮಾಮೂಲಿ ಮಾತ್ರೆಗಳಿಂದ ಆ ಫಂಗಸ್ ಸಾಯದು. ಆಂಫೊಟೆರಿಸಿನ್ ಇಂಜೆಕ್ಷನ್ ಬೇಕು, ಸತ್ತ ಭಾಗವನ್ನು ಕೆರೆದು ತೆಗೆಯಬೇಕು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಬ್ಲ್ಯಾಕ್ ಫಂಗಸ್ ಅನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು; ಅದೇ ತಿಂಗಳು ಆ ಇಂಜೆಕ್ಷನ್‌ಗಾಗಿ ರೋಗಿಗಳ ಮನೆಯವರು ಊರೆಲ್ಲ ಅಲೆದರು. ಆ ಅಲೆದಾಟ ನೆನೆದರೆ ಈಗಲೂ ಸಂಕಟವಾಗುತ್ತದೆ.

ಚಿಕಿತ್ಸೆ ನಡೆಯುತ್ತಿರುವಾಗಲೂ ನಾಳದ ಚಿತ್ರವನ್ನು ಮತ್ತೆ ತೆಗೆಯಬೇಕಾಗುತ್ತದೆ. ಆ ನೂಲು ಇನ್ನೂ ಸಣ್ಣಗಾಗಿದೆಯೇ, ಗೋಡೆ ಸಡಿಲಗೊಂಡು ಉಬ್ಬಿದೆಯೇ ಎಂಬುದು ಅದರಲ್ಲೇ ಕಾಣುವುದು. ಕೈ ಸೋಲುವ ಮೊದಲೇ ನಾಳದ ಮೊದಲ ಚಿತ್ರ ಸಿಕ್ಕಿದ್ದರೆ ಮಿದುಳಿನ ಎಷ್ಟೋ ಭಾಗ ಉಳಿಯಬಹುದಿತ್ತು.

ಮನೆಯಲ್ಲಿ ಶುಗರ್ ಇದ್ದವರಿಗೆ ಕೆನ್ನೆ ಜೋಮು ಹಿಡಿದರೆ, ಮೂಗಿನಿಂದ ಕಪ್ಪು ಸಿಂಬಳ ಬಂದರೆ, ಅಥವಾ ರೆಪ್ಪೆ ಜೋತುಬಿದ್ದರೆ, ನಾಳೆಗೆ ಬಿಡಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.